ಮತ ಎಣಿಸುವ ಮೊದಲು ಕೇಳಬೇಕು: ಹವ್ಯಾಸಿ ಗಿಟಾರ್ ವಾದಕರ ಒಂದು ಸ್ನೇಹಸ್ಪರ್ಧೆಯ ಪ್ರಕರಣ

ಹಿನ್ನೆಲೆ

ಅಂತರ್ಜಾಲದ ಮೂಲಕವೇ ಪರಿಚಯವಾಗಿ, ಅದರ ಮೂಲಕವೇ ಜೊತೆಗೂಡಿ ಉಳಿದ ಹವ್ಯಾಸಿ ಗಿಟಾರ್ ವಾದಕರ ಬಳಗವೊಂದರ ಪ್ರಕರಣ ಇದು. ಯಾರ ಗುರುತೂ ಸಿಗಬಾರದೆಂದು ಹೆಸರು, ಊರು, ವೃತ್ತಿಗಳನ್ನು ಬಿಟ್ಟಿದ್ದೇನೆ. ಅಗತ್ಯವಿದ್ದಲ್ಲಿ ಸದಸ್ಯರನ್ನು ಒಂದೊಂದು ಅಕ್ಷರದಿಂದ ಕರೆದಿದ್ದೇನೆ. ಕೈಗೊಂಡ ನಿರ್ಧಾರಗಳನ್ನೂ ಅವುಗಳ ಕ್ರಮವನ್ನೂ ಬದಲಿಸಿಲ್ಲ. ಸ್ಪರ್ಧೆಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದವನು ನಾನು. ಕೆಲವು ಸುತ್ತುಗಳಲ್ಲಿ ನುಡಿಸಿಯೂ ಇದ್ದೇನೆ.

ಸ್ಪರ್ಧೆಯ ಸ್ವರೂಪ ಸರಳವಾಗಿತ್ತು. ತಿಂಗಳಿಗೊಂದು ಸುತ್ತು. ಸಂಚಾಲಕರು ಒಂದು ವಿಷಯ ಕೊಡುತ್ತಾರೆ. ಕೆಲವೊಮ್ಮೆ ‘ಮಳೆ’ಯಂಥ ಒಂದು ಪದ, ಕೆಲವೊಮ್ಮೆ ‘ಮೂರೇ ಕಾರ್ಡ್‌ಗಳಲ್ಲಿ ಮುಗಿಯಬೇಕು’ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಎಂಬಂಥ ಕಟ್ಟು. ಮೂರು ವಾರಗಳೊಳಗೆ ಸ್ವಂತ ರಚನೆಯೊಂದನ್ನು ಧ್ವನಿಮುದ್ರಿಸಿ ಕಳುಹಿಸಬೇಕು. ನಾಲ್ಕನೆಯ ವಾರದಲ್ಲಿ ಎಲ್ಲರೂ ಎಲ್ಲರ ರಚನೆಗಳನ್ನು ಕೇಳಿ ಒಂದರಿಂದ ಹತ್ತರವರೆಗೆ ಅಂಕ ಕೊಡಬೇಕು. ಬಹುಮಾನವಿಲ್ಲ. ಗೆದ್ದವರಿಗೆ ಮುಂದಿನ ಸುತ್ತಿನ ವಿಷಯವನ್ನು ಆರಿಸುವ ಗೌರವ ಸಿಗುತ್ತಿತ್ತು, ಅಷ್ಟೇ.

ಬಳಗದಲ್ಲಿ ಎಲ್ಲ ಮಟ್ಟದವರೂ ಇದ್ದರು. ಎಫ್ ಮೇಜರ್‌ನ ಬಾರ್ ಕಾರ್ಡ್ (ಒಂದೇ ಬೆರಳಿನಿಂದ ತಂತಿಗಳನ್ನು ಅಡ್ಡಲಾಗಿ ಒತ್ತುವುದು) ಹಿಡಿಯಲು ಇನ್ನೂ ಬೆರಳು ನೋಯುವವರಿದ್ದರು, ದಶಕಗಳಿಂದ ನುಡಿಸುತ್ತಾ ಬಂದವರೂ ಇದ್ದರು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್, ಉಕ್ಕಿನ ತಂತಿಯ ಅಕೌಸ್ಟಿಕ್, ಎಲೆಕ್ಟ್ರಿಕ್ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತಿದ್ದವು. ಒಬ್ಬರು ಮೊಬೈಲನ್ನು ಮೇಜಿನ ಮೇಲೆ ಇಟ್ಟು ಮುದ್ರಿಸಿದರೆ, ಇನ್ನೊಬ್ಬರು ಕಂಡೆನ್ಸರ್ ಮೈಕ್ ಮತ್ತು ಆಡಿಯೊ ಇಂಟರ್‌ಫೇಸ್ ಬಳಸಿ ಹತ್ತಾರು ಪದರಗಳನ್ನು ಜೋಡಿಸಿ ಕಳುಹಿಸುತ್ತಿದ್ದರು. ಈ ವೈವಿಧ್ಯವೇ ಬಳಗದ ಸೊಗಸು ಎಂದು ಆರಂಭದಲ್ಲಿ ಎಲ್ಲರೂ ನಂಬಿದ್ದರು. ನಾನು ಈಗಲೂ ನಂಬುತ್ತೇನೆ.

ಸಮಸ್ಯೆ

ಮೊದಲ ವರ್ಷದ ಹುರುಪು ಎರಡನೆಯ ವರ್ಷದಲ್ಲಿ ಇಳಿಯಿತು. ಹೊಸಬರು ಬರುತ್ತಿದ್ದರು, ಒಂದೋ ಎರಡೋ ರಚನೆ ಕಳುಹಿಸುತ್ತಿದ್ದರು, ಆಮೇಲೆ ಕಾಣೆಯಾಗುತ್ತಿದ್ದರು. ಗೆಲ್ಲುವವರ ಪಟ್ಟಿಯಲ್ಲಿ ಸರದಿಯ ಮೇಲೆ ಅವವೇ ಹೆಸರುಗಳು. ಅವರಲ್ಲಿ ಒಬ್ಬರನ್ನು ‘ಗ’ ಎನ್ನೋಣ: ಬೆರಳುಗಳಿಂದ ಮೀಟುವ ಶೈಲಿಯಲ್ಲಿ ನಿಜಕ್ಕೂ ನುರಿತವರು, ಮಾತಿನಲ್ಲಿ ಸಂಕೋಚದವರು. ಇನ್ನೊಬ್ಬರು ‘ಚ’: ಪದರಗಳನ್ನು ಕಟ್ಟುವುದರಲ್ಲಿ ಪಳಗಿದವರು. ಒಂದು ಗಿಟಾರ್‌ನಲ್ಲಿ ಲಯ, ಇನ್ನೊಂದರಲ್ಲಿ ರಾಗ, ಮೂರನೆಯದರಲ್ಲಿ ಬೇಸ್, ಹಿಂದೆ ಡ್ರಮ್ಸ್ ಎಂದು ಪೂರ್ಣ ವಾದ್ಯವೃಂದವನ್ನೇ ಒಬ್ಬರೇ ನಿಲ್ಲಿಸಬಲ್ಲವರು.

ಹಿಂದೆ ಸರಿದವರಲ್ಲಿ ಕೆಲವರನ್ನು ಸಂಚಾಲಕರು ವಿಚಾರಿಸಿದಾಗ ಸಿಕ್ಕ ಉತ್ತರಗಳು ಬಹುಪಾಲು ಒಂದೇ ಧಾಟಿಯವು: ಅಂಕ ಕೊಡುವ ರೀತಿ ಸರಿಯಿಲ್ಲ, ಹೆಸರು ನೋಡಿ ಅಂಕ ಬೀಳುತ್ತದೆ, ಒಳ್ಳೆಯ ಉಪಕರಣ ಇರುವವರೇ ಗೆಲ್ಲುತ್ತಾರೆ. ಮೂರು ಮಾತುಗಳಲ್ಲೂ ಹುರುಳಿತ್ತು. ಆದ್ದರಿಂದ ಸಂಚಾಲಕರು ನ್ಯಾಯದ ದಾರಿ ಹಿಡಿದರು: ಮತದಾನದ ವ್ಯವಸ್ಥೆಯನ್ನು ಸರಿಪಡಿಸಿದರೆ ಜನ ಮರಳುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಮೊದಲ ಯತ್ನಗಳು

ಮೊದಲು ಹೆಸರು ಮರೆಮಾಡಿದರು. ಅನೇಕ ವಾದ್ಯವೃಂದಗಳು ಪರದೆಯ ಹಿಂದೆ ಕೂರಿಸಿ ವಾದಕರನ್ನು ಪರೀಕ್ಷಿಸುತ್ತವೆ; ಅದೇ ತತ್ವ ಇಲ್ಲೂ ಸಲ್ಲಬೇಕು. ರಚನೆಗಳಿಗೆ ಸಂಖ್ಯೆ ಕೊಟ್ಟು ಹಂಚಲಾಯಿತು. ಮೊದಲ ಸುತ್ತಿನಲ್ಲೇ ಒಂದು ಸೋರಿಕೆ ಕಂಡಿತು. ಫೈಲಿನ ಹೆಸರನ್ನು ಬದಲಿಸಿದ್ದರೂ ಎಂಪಿ3 ಫೈಲಿನೊಳಗೆ ಕಲಾವಿದರ ಹೆಸರು, ಶೀರ್ಷಿಕೆಗಳನ್ನು ಹಿಡಿದಿಡುವ ಐಡಿ3 ಟ್ಯಾಗ್ ಹಾಗೆಯೇ ಉಳಿದಿತ್ತು. ಪ್ಲೇಯರ್‌ನಲ್ಲಿ ಹಾಕಿದ ತಕ್ಷಣ ‘ಸಂಖ್ಯೆ ನಾಲ್ಕು’ ಯಾರೆಂದು ಪರದೆಯ ಮೇಲೆ ಮೂಡುತ್ತಿತ್ತು. ಎಲ್ಲ ಫೈಲುಗಳನ್ನೂ ವೇವ್ ರೂಪದಲ್ಲಿ ತರಿಸಿಕೊಂಡು, ಒಂದೇ ತಂತ್ರಾಂಶದಿಂದ ಮರುಪರಿವರ್ತಿಸಿ, ಟ್ಯಾಗ್ ಅಳಿಸಿ ಹಂಚುವುದು ರೂಢಿಯಾಯಿತು.

ಟ್ಯಾಗ್ ಅಳಿಸಬಹುದು, ಕೈಯ ಗುರುತು ಅಳಿಸಲಾಗದು. ‘ಗ’ ಅವರು ರಚನೆ ಮುಗಿಸುವಾಗ ಹನ್ನೆರಡನೆಯ ಫ್ರೆಟ್‌ನ (ಗಿಟಾರ್ ಕುತ್ತಿಗೆಯ ಲೋಹದ ಅಡ್ಡಪಟ್ಟಿ) ಮೇಲೆ ಬೆರಳನ್ನು ಸವರಿದಂತೆ ಇಟ್ಟು ಹಾರ್ಮೋನಿಕ್ ಎಂಬ ಗಂಟೆಯಂಥ ಮೇಲ್ದನಿ ಹೊಮ್ಮಿಸುವುದು ಬಳಗದ ಹಳಬರಿಗೆಲ್ಲ ಗೊತ್ತು. ಇನ್ನೊಬ್ಬರ ಗಿಟಾರ್‌ನ ಮೂರನೆಯ ತಂತಿ ಸದಾ ಕೂದಲೆಳೆಯಷ್ಟು ಶ್ರುತಿ ಇಳಿದಿರುತ್ತದೆ. ಹೀಗಾಗಿ ಹಳಬರು ಹಳಬರನ್ನು ಗುರುತಿಸುತ್ತಲೇ ಇದ್ದರು. ಆದರೂ ಹೊಸಬರ ಮಟ್ಟಿಗೆ ಈ ಕ್ರಮದಿಂದ ಒಳಿತೇ ಆಯಿತು. ಯಾರದೆಂದು ತಿಳಿಯದ ರಚನೆ ‘ಹೊಸಬರದ್ದು’ ಎಂಬ ಕಾರಣಕ್ಕೆ ಬದಿಗೆ ಸರಿಯುವುದು ನಿಂತಿತು. ಪೂರ್ತಿ ಫಲಿಸದ ಕ್ರಮವೆಂದು ಇದನ್ನು ಕೈಬಿಡದಿದ್ದುದು ಸರಿಯಾದ ನಿರ್ಧಾರ.

ಎರಡನೆಯದಾಗಿ ಅಂಕದ ಬದಲು ಸ್ಥಾನ ಬಂತು. ಒಂದರಿಂದ ಹತ್ತರ ಅಂಕದಲ್ಲಿ ಒಂದು ಒಳದೋಷವಿದೆ. ಯಾರಿಗೂ ನೋವಾಗಬಾರದೆಂದು ಎಲ್ಲರಿಗೂ ಏಳು, ಎಂಟು, ಒಂಬತ್ತು ಕೊಡುವವರ ಮತಕ್ಕೆ ತೂಕ ಕಡಿಮೆ. ಎರಡರಿಂದ ಹತ್ತರವರೆಗೆ ಧಾರಾಳವಾಗಿ ಏರಿಳಿಸುವವರ ಮತವೇ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಸರಾಸರಿ ತೆಗೆದಾಗ ಇದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ರಚನೆಗಳನ್ನು ಮೊದಲ ಸ್ಥಾನದಿಂದ ಕೊನೆಯ ಸ್ಥಾನದವರೆಗೆ ಸಾಲಾಗಿ ಜೋಡಿಸಬೇಕು, ಸ್ಥಾನಕ್ಕೆ ತಕ್ಕ ಅಂಕಗಳನ್ನು ಕೂಡಿಸಿ ಗೆದ್ದವರನ್ನು ಹೇಳಬೇಕು ಎಂದಾಯಿತು. ಫ್ರಾನ್ಸಿನ ಗಣಿತಜ್ಞ, ನೌಕಾಧಿಕಾರಿ ಝಾನ್ ಶಾರ್ಲ್ ದ ಬೋರ್ಡಾ 1770ರಲ್ಲಿ ಮಂಡಿಸಿದ ಈ ವಿಧಾನ ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಇಲ್ಲಿ ಪ್ರತಿಯೊಬ್ಬರ ಮತಕ್ಕೂ ಒಂದೇ ತೂಕ.

ಇದರ ಬಲಹೀನತೆಯೂ ಹಳೆಯದೇ: ಪ್ರಬಲ ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳಿದರೆ ತನಗೆ ಲಾಭವಾಗುತ್ತದೆ. ಒಂದು ಸುತ್ತಿನಲ್ಲಿ ಅಂಥ ಮತಪತ್ರ ಕಾಣಿಸಿತು. ಉಳಿದವರೆಲ್ಲ ಮೇಲಿನ ಸ್ಥಾನಗಳಲ್ಲಿ ಇಟ್ಟ ರಚನೆ ಅದೊಂದರಲ್ಲಿ ಮಾತ್ರ ತಳದಲ್ಲಿತ್ತು. ಸಂಚಾಲಕರು ಆ ಸದಸ್ಯರನ್ನು ಪ್ರಶ್ನಿಸಲಿಲ್ಲ. ಅಭಿರುಚಿಯ ಭೇದವೋ ಲೆಕ್ಕಾಚಾರವೋ ಎಂದು ಹೊರಗಿನವರು ಹೇಳಲಾಗದು ಎಂಬ ಅವರ ನಿಲುವು ನನಗೆ ಮೆಚ್ಚುಗೆಯಾಯಿತು. ಮುಂದಿನ ಸುತ್ತಿನಿಂದ ಫಲಿತಾಂಶದ ಜೊತೆಗೆ ಪ್ರತಿಯೊಬ್ಬರ ಮತಪತ್ರವನ್ನೂ ಹೆಸರು ಸಮೇತ ಪ್ರಕಟಿಸಲಾಗುವುದು ಎಂದಷ್ಟೇ ತಿಳಿಸಿದರು. ಆಮೇಲೆ ಅಂಥದ್ದು ಕಾಣಲಿಲ್ಲ.

ಮೂರನೆಯ ಯತ್ನ ತೀರ್ಪುಗಾರರ ಮಂಡಳಿ. ಬಳಗದ ಹೊರಗಿನ ಮೂವರು ಅನುಭವಿಗಳನ್ನು ಒಪ್ಪಿಸಿ, ತೀರ್ಮಾನವನ್ನು ಅವರ ಕೈಗೆ ಕೊಡಲಾಯಿತು. ಅವರು ಶ್ರದ್ಧೆಯಿಂದ ಕೇಳಿದರು, ತೂಕದ ಮಾತು ಬರೆದರು. ಆದರೆ ಬಳಗದಲ್ಲಿ ಮೌನ ಆವರಿಸಿತು. ತಮ್ಮ ಮತಕ್ಕೆ ಬೆಲೆಯಿಲ್ಲ ಎಂದಾದಾಗ ಸದಸ್ಯರಿಗೆ ಬೇರೆಯವರ ರಚನೆ ಕೇಳುವ ಕಾರಣವೇ ಉಳಿಯಲಿಲ್ಲ. ತಮ್ಮದನ್ನು ಕಳುಹಿಸುವುದು, ತೀರ್ಪು ಓದುವುದು, ಅಲ್ಲಿಗೆ ಮುಗಿಯಿತು. ಸ್ವಲ್ಪದರಲ್ಲೇ ಮಂಡಳಿಯನ್ನು ವಂದನೆಗಳೊಂದಿಗೆ ಬೀಳ್ಕೊಡಲಾಯಿತು. ಆಗ ಇದನ್ನು ಇನ್ನೊಂದು ವಿಫಲ ಯತ್ನವೆಂದು ದಾಖಲಿಸಿ ಮುಂದೆ ಹೋದೆವು. ಈ ಪ್ರಕರಣದ ನಿಜವಾದ ಸುಳಿವು ಅಲ್ಲೇ ಇತ್ತು.

ನಡುವೆ ಒಂದು ಸಣ್ಣ ವಿವಾದವೂ ಎದ್ದಿತು. ಒಬ್ಬರು ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಡ್ರಮ್ ಲೂಪ್ ಮತ್ತು ಪಿಯಾನೊ ತುಣುಕುಗಳನ್ನು ಬಳಸಿದ್ದರು. ಪರವಾನಗಿ ಇರುವ ತುಣುಕುಗಳೇ, ಕಾನೂನಿನ ತಕರಾರಿಲ್ಲ. ಆದರೆ ‘ಸ್ವಂತ ರಚನೆ’ ಎಂಬ ಮಾತಿಗೆ ಅದು ಸಲ್ಲುತ್ತದೆಯೇ? ನಿಷೇಧಿಸುವ ಬದಲು ಘೋಷಿಸುವ ನಿಯಮ ತಂದರು: ತಾವು ನುಡಿಸದ ಪ್ರತಿಯೊಂದು ಧ್ವನಿಯನ್ನೂ ರಚನೆಯ ಜೊತೆ ಬರೆದು ತಿಳಿಸಬೇಕು. ತಂತ್ರಾಂಶವೇ ಹುಟ್ಟಿಸಿದ ಸಂಗೀತಕ್ಕೂ ಮುಂದೆ ಇದೇ ನಿಯಮ ಅನ್ವಯವಾಯಿತು. ವಿವಾದ ಅಲ್ಲಿಗೆ ತಣ್ಣಗಾಯಿತು.

ಜೋರು ಮತ್ತು ಚೆಲುವು

ಇಷ್ಟಾದರೂ ‘ಒಳ್ಳೆಯ ಉಪಕರಣವೇ ಗೆಲ್ಲುತ್ತದೆ’ ಎಂಬ ದೂರು ಉಳಿದೇ ಇತ್ತು. ಇದರ ಬಗ್ಗೆ ಕೊಂಚ ವಿಸ್ತಾರವಾಗಿ ಬರೆಯಬೇಕು. ಸ್ಪರ್ಧೆ ನಡೆಸುವ ಎಲ್ಲರೂ ಇಲ್ಲಿ ಎಡವುತ್ತಾರೆ.

ಒಂದೇ ಧ್ವನಿಮುದ್ರಣವನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ನಮಗೆ ಅದು ಹೆಚ್ಚು ತುಂಬಿಕೊಂಡಂತೆ, ಹೆಚ್ಚು ಚೆನ್ನಾಗಿರುವಂತೆ ಅನಿಸುತ್ತದೆ. ಕಿವಿಯ ರಚನೆಯಲ್ಲೇ ಇದಕ್ಕೆ ಕಾರಣವಿದೆ. ಧ್ವನಿ ಮೆಲುವಾದಾಗ ಕಿವಿ ಕೆಳಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಮಾಮೂಲು ಶ್ರುತಿಯಲ್ಲಿ ಗಿಟಾರ್‌ನ ಆರನೆಯ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 82 ಬಾರಿ, ಮೊದಲ ತಂತಿ ಸುಮಾರು 330 ಬಾರಿ. ಮೆಲುದನಿಯ ಮುದ್ರಣದಲ್ಲಿ ಮೊದಲು ಬಡವಾಗುವುದು ಹೆಬ್ಬೆರಳು ನುಡಿಸುವ ಆ ಬೇಸ್ ಸಾಲು. ಬೇಸ್ ಬಡವಾದರೆ ಸ್ವರಸಂಯೋಜನೆಯ ನಡಿಗೆಯೇ ಅಸ್ಪಷ್ಟವಾಗುತ್ತದೆ.

‘ಚ’ ಅವರ ಪದರಗಟ್ಟಿದ ರಚನೆಗಳು ಜೋರಿನ ಏರಿಳಿತವನ್ನು ತಗ್ಗಿಸುವ ಕಂಪ್ರೆಸರ್, ಶಿಖರಗಳನ್ನು ತಡೆಯುವ ಲಿಮಿಟರ್ ದಾಟಿ ಬರುತ್ತಿದ್ದುದರಿಂದ ಮೊದಲಿನಿಂದ ಕೊನೆಯವರೆಗೆ ಒಂದೇ ಮಟ್ಟದಲ್ಲಿ ಜೋರಾಗಿರುತ್ತಿದ್ದವು. ನೈಲಾನ್ ತಂತಿಯವರ ಮುದ್ರಣದಲ್ಲಿ ಮೀಟಿದ ಕ್ಷಣದ ಶಿಖರ ಎತ್ತರ, ಆಮೇಲಿನ ನಾದ ಮೆತ್ತಗೆ. ಶಿಖರಗಳನ್ನು ಸರಿಸಮ ಮಾಡಿದರೂ ಕಿವಿಗೆ ಎರಡನೆಯದು ಬಹಳ ಸಣ್ಣದಾಗಿಯೇ ಕೇಳಿಸುತ್ತದೆ. ಅಳೆಯಬೇಕಾದುದು ಶಿಖರವನ್ನಲ್ಲ, ಕಿವಿಗೆ ತಾಗುವ ಒಟ್ಟು ಜೋರನ್ನು. ಅದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಒಂದು ಮಾನದಂಡ ರೂಪಿಸಿದೆ. ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಅಳೆಯುವ ಉಚಿತ ತಂತ್ರಾಂಶಗಳು ಈಗ ಯಾರಿಗೂ ಸಿಗುತ್ತವೆ.

ಸಂಗೀತದ ಸ್ಟ್ರೀಮಿಂಗ್ ಸೇವೆಗಳು ಹೆಚ್ಚಾಗಿ ಬಳಸುವ ಮಟ್ಟ ಈ ಮಾನದಲ್ಲಿ ಮೈನಸ್ 14ರ ಆಸುಪಾಸು (ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಸಂಚಾಲಕರು ಮೊದಲು ಅದನ್ನೇ ಯೋಚಿಸಿದ್ದರು. ಆದರೆ ಒಂಟಿ ನೈಲಾನ್ ಗಿಟಾರನ್ನು ಆ ಮಟ್ಟಕ್ಕೆ ಏರಿಸಿದರೆ ಮೀಟುಗಳ ಶಿಖರ ಮಿತಿ ದಾಟಿ ಒಡೆಯುತ್ತದೆ. ಒಡೆಯದಂತೆ ತಡೆಯಲು ಲಿಮಿಟರ್ ಹಾಕಿದರೆ ಮೀಟಿನ ಚೂಪು ಸಾಯುತ್ತದೆ. ಆದ್ದರಿಂದ ಎಲ್ಲರನ್ನೂ ಮೈನಸ್ 20ಕ್ಕೆ ತಂದರು. ಅಂದರೆ ಜೋರಿನವರನ್ನು ಇಳಿಸಿದರು, ಮೆಲ್ಲನೆಯವರನ್ನು ಅವರ ಸ್ವಭಾವ ಕೆಡದಂತೆ ಬಿಟ್ಟರು. ಕೇಳುವವರು ತಮ್ಮ ಸಾಧನದ ಧ್ವನಿ ಹೆಚ್ಚಿಸಿಕೊಂಡರಾಯಿತು.

ಜೊತೆಗೆ ಹೊಸಬರಿಗೆಂದು ಒಂದು ಪುಟದ ಕೈಪಿಡಿ ಬಂತು. ಮೈಕನ್ನಾಗಲಿ ಮೊಬೈಲನ್ನಾಗಲಿ ಗಿಟಾರ್‌ನ ಧ್ವನಿರಂಧ್ರದ ಎದುರಿಗೆ ಇಡಬೇಡಿ, ಬೇಸ್ ಗುಡುಗುತ್ತದೆ. ಹನ್ನೆರಡನೆಯ ಫ್ರೆಟ್ ನೇರಕ್ಕೆ, ಒಂದು ಗೇಣಿನಿಂದ ಒಂದೂವರೆ ಗೇಣು ದೂರದಲ್ಲಿ ಇಡಿ. ಮೊಬೈಲಿನ ಮುದ್ರಣ ತಂತ್ರಾಂಶದಲ್ಲಿ ಧ್ವನಿಮಟ್ಟವನ್ನು ತಾನಾಗಿ ಏರಿಳಿಸುವ ಸೌಲಭ್ಯವನ್ನು ನಿಲ್ಲಿಸಿ; ಅದು ನೀವು ಮೆಲ್ಲನೆ ನುಡಿಸಿದ್ದನ್ನು ಜೋರು ಮಾಡಿ ನಿಮ್ಮ ಭಾವವನ್ನು ಅಳಿಸುತ್ತದೆ. ಪ್ರತಿ ಮುದ್ರಣಕ್ಕೂ ಮೊದಲು ಶ್ರುತಿ ನೋಡಿಕೊಳ್ಳಿ. ಈ ಒಂದು ಪುಟದಿಂದ ಆದ ಬದಲಾವಣೆ, ಯಾರೂ ಒಂದು ಹೊಸ ಉಪಕರಣವನ್ನೂ ಕೊಳ್ಳದೆ, ಮುಂದಿನ ಸುತ್ತಿನಲ್ಲೇ ಕಿವಿಗೆ ತಿಳಿಯುವಷ್ಟಿತ್ತು.

ಹಂಚುವ ಅನುಕ್ರಮವನ್ನೂ ಪ್ರತಿ ಕೇಳುಗರಿಗೆ ಬೇರೆ ಬೇರೆಯಾಗಿ ಕಲಸಿ ಕೊಟ್ಟರು. ಬೆಲ್ಜಿಯಂನ ಪ್ರತಿಷ್ಠಿತ ಕ್ವೀನ್ ಎಲಿಸಬೆತ್ ಸ್ಪರ್ಧೆಯ ಅಂತಿಮ ಸುತ್ತಿನ ಫಲಿತಾಂಶಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲ ದಿನಗಳಲ್ಲಿ ನುಡಿಸಿದವರಿಗಿಂತ ಆಮೇಲೆ ನುಡಿಸಿದವರಿಗೆ ಅನುಕೂಲವಾಗಿರುವುದನ್ನು ತೋರಿಸಿತ್ತು. ನುರಿತ ತೀರ್ಪುಗಾರರಿಗೇ ಸರದಿ ಪ್ರಭಾವ ಬೀರುವುದಾದರೆ ಹವ್ಯಾಸಿ ಕೇಳುಗರ ಮಾತೇನು.

ಈ ಎಲ್ಲ ಕ್ರಮಗಳಿಂದ ಫಲಿತಾಂಶದ ಪಟ್ಟಿ ಅಲುಗಾಡಿತು. ಪದರಗಟ್ಟಿದ ರಚನೆಗಳು ತಾವಾಗಿಯೇ ಮೇಲೇರುವುದು ತಪ್ಪಿತು. ಒಂಟಿ ಗಿಟಾರ್‌ನ ಸರಳ ರಚನೆಯೊಂದು ಮೊದಲ ಸಲ ಎರಡನೆಯ ಸ್ಥಾನಕ್ಕೆ ಬಂತು. ಮತದಾನದ ಬಗ್ಗೆ ದೂರು ಬಹುತೇಕ ನಿಂತೇ ಹೋಯಿತು. ಆದರೂ ಜನ ಬಿಟ್ಟುಹೋಗುವುದು ನಿಲ್ಲಲಿಲ್ಲ.

ತಿರುವು

ಆ ಹೊತ್ತಿಗೆ ‘ನ’ ಎಂಬ ಸದಸ್ಯರು ಸಂಚಾಲಕರಿಗೆ ಖಾಸಗಿಯಾಗಿ ಬರೆದರು. ನಾಲ್ಕಾರು ಸುತ್ತುಗಳಲ್ಲಿ ಭಾಗವಹಿಸಿ, ಯಾವಾಗಲೂ ಪಟ್ಟಿಯ ಕೆಳಭಾಗದಲ್ಲೇ ಉಳಿದವರು. ಪತ್ರದಲ್ಲಿ ಸ್ಥಾನದ ಬಗ್ಗೆ ಒಂದು ಮಾತೂ ಇರಲಿಲ್ಲ. ಅವರು ಕೇಳಿದ್ದು ಇಷ್ಟು: ‘ನನ್ನ ರಚನೆಯನ್ನು ಯಾರಾದರೂ ಕೊನೆಯವರೆಗೆ ಕೇಳಿದರೇ ಎಂದು ತಿಳಿಯಬಹುದೇ? ಮಧ್ಯದಲ್ಲಿ ನಾಲ್ಕರ ನಡೆಯಿಂದ ಮೂರರ ನಡೆಗೆ ಹೊರಳಿಸಿದ್ದೆ. ಅದು ಹೊಂದಿತೋ ಇಲ್ಲವೋ ಎಂಬುದೊಂದೇ ನನಗೆ ಬೇಕಿತ್ತು.’

ಸಂಚಾಲಕರು ನನ್ನಿಂದ ಆ ಸುತ್ತಿನ ಎಲ್ಲ ಅಭಿಪ್ರಾಯಗಳನ್ನು ತರಿಸಿಕೊಂಡು ಓದಿದರು. ‘ನ’ ಅವರ ರಚನೆಗೆ ಬಂದ ಮಾತುಗಳು: ‘ಚೆನ್ನಾಗಿದೆ’, ‘ಹಿತವಾಗಿದೆ, ಮುಂದುವರಿಸಿ’, ‘ಒಳ್ಳೆಯ ಪ್ರಯತ್ನ’. ನಡೆ ಬದಲಾದುದರ ಬಗ್ಗೆ ಒಬ್ಬರೂ ಬರೆದಿರಲಿಲ್ಲ. ಮೆಚ್ಚಿ ಬರೆದಿರಲಿಲ್ಲ, ಟೀಕಿಸಿಯೂ ಬರೆದಿರಲಿಲ್ಲ. ಎರಡು ನಿಮಿಷದ ರಚನೆಯಲ್ಲಿ ಅದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ. ಗೆದ್ದ ರಚನೆಗೆ ಬಂದ ಮಾತುಗಳನ್ನು ನೋಡಿದರೆ ಅಲ್ಲಿಯೂ ಇದೇ ಕಥೆ; ಹೊಗಳಿಕೆ ದಟ್ಟವಾಗಿತ್ತು, ಆದರೆ ಆ ರಚನೆಗಷ್ಟೇ ಸಲ್ಲುವ ಒಂದು ವಾಕ್ಯವೂ ಇರಲಿಲ್ಲ.

ಅಲ್ಲಿಯವರೆಗೆ ಎಲ್ಲರೂ ಯಾರು ಗೆದ್ದರು ಎಂಬುದನ್ನು ನ್ಯಾಯವಾಗಿ ಕಂಡುಹಿಡಿಯುವ ಬಗೆಯನ್ನೇ ತಿದ್ದುತ್ತಿದ್ದರು. ‘ನ’ ಅವರ ಪ್ರಶ್ನೆ ಬೇರೆಯೇ ಕಡೆ ಬೆರಳು ತೋರಿಸಿತು. ಮೂರು ವಾರ ಒಂದು ರಚನೆಯ ಜೊತೆ ಬದುಕಿದವರಿಗೆ ಎಷ್ಟನೆಯ ಸ್ಥಾನ ಬಂತು ಎಂಬುದಕ್ಕಿಂತ, ತಾನು ಮಾಡಿದ್ದು ಇನ್ನೊಬ್ಬರ ಕಿವಿಗೆ ಬಿತ್ತೇ ಎಂಬುದು ದೊಡ್ಡದು. ತೀರ್ಪುಗಾರರ ಮಂಡಳಿ ಬಂದಾಗ ಬಳಗ ಏಕೆ ಮೌನವಾಯಿತು ಎಂಬುದೂ ಆಗ ಅರ್ಥವಾಯಿತು. ಹಿಂದೆ ಸರಿದವರು ಮತದಾನವನ್ನು ದೂರಿದ್ದು ಸುಳ್ಳೇನಲ್ಲ. ‘ನನ್ನನ್ನು ಯಾರೂ ಕೇಳಲಿಲ್ಲ’ ಎನ್ನುವುದಕ್ಕಿಂತ ‘ಅಂಕ ಕೊಡುವ ರೀತಿ ಸರಿಯಿಲ್ಲ’ ಎನ್ನುವುದು ಯಾರಿಗಾದರೂ ಸುಲಭ.

ಹೊಸ ನಿಯಮ ಮತ್ತು ನಾಲ್ಕು ಸ್ವರಗಳ ಸುತ್ತು

ಸಂಚಾಲಕರು ಒಂದೇ ಒಂದು ಹೊಸ ನಿಯಮ ತಂದರು, ಆದರೆ ಬಿಗಿಯಾದದ್ದು. ಮತ ಹಾಕುವವರು ತಾವು ಕೇಳಿದ ಪ್ರತಿ ರಚನೆಗೂ ಒಂದು ಟಿಪ್ಪಣಿ ಬರೆಯಬೇಕು. ಅದರಲ್ಲಿ ರಚನೆಯ ಒಂದು ಜಾಗವನ್ನು ನಿಮಿಷ, ಸೆಕೆಂಡಿನ ಸಮೇತ ಗುರುತಿಸಬೇಕು. ಅಲ್ಲಿ ಏನು ನಡೆಯುತ್ತದೆ ಎಂದು ಮೊದಲು ವಿವರಿಸಬೇಕು. ತನಗೆ ಹೇಗನಿಸಿತು ಎಂಬುದು ಆಮೇಲೆ. ಟಿಪ್ಪಣಿ ಬರೆಯದವರ ರಚನೆ ಆ ಸುತ್ತಿನ ಎಣಿಕೆಗೆ ಬರುವುದಿಲ್ಲ. ಎಲ್ಲರೂ ಎಲ್ಲರಿಗೂ ಬರೆಯುವುದು ಅಸಾಧ್ಯವೆಂದು, ಪ್ರತಿಯೊಬ್ಬರಿಗೂ ಐದು ರಚನೆಗಳನ್ನು ಚೀಟಿ ಎತ್ತಿ ಹಂಚಿದರು. ಪ್ರತಿ ರಚನೆಗೂ ಐವರು ಕೇಳುಗರು ಸಿಗುವಂತೆ ನೋಡಿಕೊಂಡರು.

ಆ ಸುತ್ತಿನ ವಿಷಯವನ್ನು ಈ ನಿಯಮಕ್ಕೆ ಒಗ್ಗುವಂತೆಯೇ ಆರಿಸಿದ್ದರು. ಎಲ್ಲರಿಗೂ ನಾಲ್ಕು ಸ್ವರಗಳ ಒಂದೇ ತುಣುಕು: ಇ, ಬಿ, ಸಿ, ಜಿ (ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳ ಹೆಸರುಗಳು). ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್, ಎರಡನೆಯ ತಂತಿ ಬಿಡಿಯಾಗಿ (ಎಂದರೆ ಒತ್ತದೆ), ಅದೇ ತಂತಿಯ ಮೊದಲ ಫ್ರೆಟ್, ಕೊನೆಗೆ ಮೂರನೆಯ ತಂತಿ ಬಿಡಿಯಾಗಿ. ಎಡಗೈಯ ಎರಡೇ ಬೆರಳು ಸಾಕು. ನಿನ್ನೆ ಗಿಟಾರ್ ಹಿಡಿದವರೂ ನುಡಿಸಬಹುದು. ಒಂದೇ ಗಿಟಾರ್, ಪದರಗಳಿಲ್ಲ, ಎರಡು ನಿಮಿಷದ ಮಿತಿ.

ಈ ತುಣುಕನ್ನು ಆರಿಸಿದವರ ಜಾಣ್ಮೆ ಆಮೇಲೆ ತಿಳಿಯಿತು. ನಾಲ್ಕೂ ಸ್ವರಗಳು ಸೇರಿದರೆ ಸಿ ಮೇಜರ್ ಸೆವೆಂತ್ ಕಾರ್ಡ್ ಆಗುತ್ತದೆ. ಆದರೆ ಕೆಳಗೆ ಇ ಸ್ವರವನ್ನು ಬೇಸ್ ಆಗಿ ನಿಲ್ಲಿಸಿದರೆ ಅದೇ ತುಣುಕು ಇ ಮೈನರ್‌ನ ಬಣ್ಣ ತಾಳಿ, ಸಿ ಸ್ವರ ನಿಟ್ಟುಸಿರಿನಂತೆ ಬಿಯ ಮೇಲೆ ಒರಗುತ್ತದೆ. ಕೆಳಗೆ ಎ ಇಟ್ಟರೆ ಎ ಮೈನರ್ ನೈನ್ತ್. ಹೆಚ್ಚಿನವರು ಸಿ ಅಥವಾ ಇ ಮೈನರ್‌ನ ದಾರಿ ಹಿಡಿದರು. ‘ಗ’ ಅವರು ಎ ಮೈನರ್‌ನಲ್ಲಿ ಕಟ್ಟಿದರು, ಎಂದಿನ ನಯದಿಂದ.

‘ನ’ ಅವರು ಹೆಬ್ಬೆರಳನ್ನು ಕುತ್ತಿಗೆಯ ಮೇಲಿಂದ ತಂದು ಆರನೆಯ ತಂತಿಯ ಮೊದಲ ಫ್ರೆಟ್‌ನ ಎಫ್ ಸ್ವರವನ್ನು ಒತ್ತಿ ಹಿಡಿದು, ಅದರ ಮೇಲೆ ಈ ತುಣುಕನ್ನು ನುಡಿಸಿದ್ದರು. ಎಫ್‌ನ ಮೇಲೆ ಬಿ ಬಂದಾಗ ಅದು ನಾಲ್ಕನೆಯ ಸ್ವರದ ಏರಿದ ರೂಪ. ಕಾರ್ಡ್ ನಿಂತ ನೆಲದಿಂದ ಒಂದು ಮೆಟ್ಟಿಲು ಮೇಲೆದ್ದಂತೆ ಕೇಳಿಸುತ್ತದೆ. ರಚನೆಯಲ್ಲಿ ಆ ಎಫ್ ಬರುವುದು ಒಂದೇ ಒಂದು ಬಾರಿ, 1:12ರ ಹೊತ್ತಿಗೆ. ಅವರ ಹೆಬ್ಬೆರಳು ಪೂರ್ತಿ ಒತ್ತದೆ ಆ ಸ್ವರ ಕೊಂಚ ಗರಗರ ಎಂದಿತ್ತು ಕೂಡ.

ಐದು ಟಿಪ್ಪಣಿಗಳಲ್ಲಿ ನಾಲ್ಕು 1:12ನ್ನೇ ಗುರುತಿಸಿದ್ದವು. ಒಬ್ಬರು ಬರೆದಿದ್ದರು: ‘ಅಲ್ಲಿಯವರೆಗೆ ಇ ಮೈನರ್‌ನಲ್ಲೇ ಓಡಾಡುತ್ತಿದ್ದ ತುಣುಕು 1:12ರಲ್ಲಿ ಎಫ್‌ನ ಮೇಲೆ ನಿಂತಾಗ ಅದೇ ಸ್ವರಗಳೆಂದು ನಂಬಲಾಗಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಅಲ್ಲಿ ಇನ್ನೆರಡು ತಾಳಾವರ್ತ ತಂಗಿದ್ದರೆ ಚೆನ್ನಿತ್ತು.’ ಇನ್ನೊಬ್ಬರು ಹೆಬ್ಬೆರಳಿನ ಬದಲು ತೋರುಬೆರಳಿನಿಂದ ಬಾರ್ ಹಿಡಿದು, ಮೂರನೆಯ ತಂತಿಯನ್ನು ಬಿಟ್ಟು ನುಡಿಸಿದರೆ ಗರಗರ ತಪ್ಪುತ್ತದೆ ಎಂದು ಸೂಚಿಸಿದ್ದರು. ಅದಕ್ಕೆ ‘ನ’ ಅವರು, ಹಾಗೆ ಬಾರ್ ಹಿಡಿದರೆ ಬಿಡಿ ತಂತಿಯ ಬಿ ಮತ್ತು ಜಿ ಸ್ವರಗಳೇ ಸಿಗುವುದಿಲ್ಲ, ಅದಕ್ಕಾಗಿಯೇ ಹೆಬ್ಬೆರಳು ಎಂದು ಉತ್ತರಿಸಿದರು. ಆ ಚರ್ಚೆ ಸುತ್ತು ಮುಗಿದ ಮೇಲೂ ಮುಂದುವರಿಯಿತು. ಬಳಗದಲ್ಲಿ ಬಹಳ ಕಾಲದ ನಂತರ ಸಂಗೀತದ ಬಗ್ಗೆ ಸಂಗೀತದ ಭಾಷೆಯಲ್ಲಿ ನಡೆದ ಮಾತುಕತೆ ಅದು.

ಆ ಸುತ್ತನ್ನು ಗೆದ್ದವರು ‘ಗ’ ಅವರೇ. ಅದರ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ.

ಪರಿಣಾಮ

ಎಲ್ಲವೂ ಸುಗಮವಾಗಿ ನಡೆಯಿತು ಎಂದು ಬರೆದರೆ ತಪ್ಪಾಗುತ್ತದೆ. ಟಿಪ್ಪಣಿಯ ಹೊರೆ ಒಪ್ಪದೆ ಕೆಲವರು ಬಿಟ್ಟರು. ಅವರಿಗೆ ಬೇಕಿದ್ದುದು ಹಗುರಾದ ಆಟ, ಅದರಲ್ಲಿ ತಪ್ಪೇನೂ ಇಲ್ಲ. ಒಂದು ಟಿಪ್ಪಣಿ ಒಬ್ಬರನ್ನು ನೋಯಿಸಿತು: ‘0:40ರಿಂದ ಲಯ ಕುಂಟುತ್ತದೆ’ ಎಂದಷ್ಟೇ ಬರೆದು ನಿಲ್ಲಿಸಿದ್ದರು. ಏನು ನಡೆಯುತ್ತದೆ ಎಂಬ ವಿವರ ಮೊದಲು ಬರಬೇಕೆಂಬ ನಿಯಮದ ಬೆಲೆ ಆಗ ಎಲ್ಲರಿಗೂ ಮನವರಿಕೆಯಾಯಿತು. ‘ಕುಂಟುತ್ತದೆ’ ಎಂಬುದು ತೀರ್ಪು. ‘0:40ರಲ್ಲಿ ಕಾರ್ಡ್ ಬದಲಿಸುವಾಗ ಪ್ರತಿ ಸಲ ಮೂರನೆಯ ಏಟು ತಡವಾಗುತ್ತಿದೆ’ ಎಂದರೆ ನುಡಿಸಿದವರಿಗೆ ಕೆಲಸ ಸಿಗುತ್ತದೆ. ಸಂಚಾಲಕರು ಆ ಟಿಪ್ಪಣಿಯನ್ನು ಮರಳಿಸಿ ಮತ್ತೆ ಬರೆಸಿದರು. ಬರೆದವರು ಒಪ್ಪಿದರು, ನೊಂದವರು ಉಳಿದರು.

‘ಚ’ ಅವರ ಅಸಮಾಧಾನ ಇನ್ನೂ ಗಂಭೀರವಾದದ್ದು, ನನ್ನ ಅಭಿಪ್ರಾಯದಲ್ಲಿ ನ್ಯಾಯವಾದದ್ದು. ಒಂದೇ ಗಿಟಾರ್, ಪದರಗಳಿಲ್ಲ ಎಂಬ ಕಟ್ಟು ಹೊಸಬರಿಗೆ ಅನುಕೂಲ. ಆದರೆ ಪದರ ಕಟ್ಟುವುದೂ ರಚನೆಯೇ, ಅದು ಉಪಕರಣದ ಮೋಡಿ ಮಾತ್ರವಲ್ಲ. ಯಾವ ಧ್ವನಿಯನ್ನು ಎಲ್ಲಿ ಸೇರಿಸಬೇಕು, ಎಲ್ಲಿ ತೆಗೆಯಬೇಕು ಎಂಬ ವಿವೇಚನೆಯನ್ನು ಸ್ಪರ್ಧೆ ಹೊರಗಿಟ್ಟರೆ ಕಲಿಯುವವರಿಗೇ ನಷ್ಟ. ಕೊನೆಗೆ ಒಂದು ಸುತ್ತು ಒಂಟಿ ಗಿಟಾರ್, ಮರುಸುತ್ತು ಮುಕ್ತ ಎಂದು ಒಪ್ಪಂದವಾಯಿತು. ಮುಕ್ತ ಸುತ್ತಿನಲ್ಲಿ ಧ್ವನಿಮಟ್ಟ ಸಮಗೊಳಿಸುವ ಕ್ರಮ ಹಾಗೆಯೇ ಉಳಿಯಿತು.

ಹೊಸಬರು ಈಗ ಹೆಚ್ಚು ಕಾಲ ನಿಲ್ಲುತ್ತಿದ್ದಾರೆ. ಇದಕ್ಕೆ ಟಿಪ್ಪಣಿಯ ನಿಯಮವೊಂದೇ ಕಾರಣವೆಂದು ಹೇಳಲಾರೆ. ಅದೇ ಸುತ್ತಿನಲ್ಲಿ ವಿಷಯದ ಸ್ವರೂಪವೂ ಬದಲಾಯಿತು, ಕೇಳುವ ಗುಂಪುಗಳೂ ಚಿಕ್ಕದಾದವು. ಬೇರೆ ಬಳಗದವರು ಈ ಕ್ರಮಗಳನ್ನು ಪ್ರಯೋಗಿಸುವುದಾದರೆ ಒಂದು ಸುತ್ತಿಗೆ ಒಂದೇ ಬದಲಾವಣೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುವುದು ಸುಲಭ. ಟಿಪ್ಪಣಿಯಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಅದಕ್ಕೆ ತಂತ್ರಾಂಶ ಬೇಡ, ತೀರ್ಪುಗಾರರು ಬೇಡ. ಧ್ವನಿಮಟ್ಟ ಸಮಗೊಳಿಸುವುದು ಎರಡನೆಯದು. ಹೆಸರು ಮರೆಮಾಡುವುದು, ಸ್ಥಾನಗಳ ಲೆಕ್ಕ ಇವೆಲ್ಲ ಆಮೇಲೆ ಬರಲಿ. ಮೊದಲೇ ಅವುಗಳಿಗೆ ಕೈಹಾಕಿದರೆ ಸ್ಪರ್ಧೆ ಇರುವುದೇ ಗೆಲ್ಲುವವರನ್ನು ಹುಡುಕಲು ಎಂಬ ಭಾವನೆ ಬೇರೂರುತ್ತದೆ, ಆಮೇಲೆ ಅದನ್ನು ಕೀಳುವುದು ಕಷ್ಟ.

ಬಗೆಹರಿಯದೆ ಉಳಿದದ್ದು ಗುಂಪಿನ ಗಾತ್ರ. ಐದು ರಚನೆಗಳನ್ನು ಮನಸ್ಸಿಟ್ಟು ಕೇಳಬಹುದು, ಎಂಟಾದಾಗ ಟಿಪ್ಪಣಿಗಳು ಮತ್ತೆ ತೆಳುವಾಗುತ್ತವೆ. ಆದರೆ ಐದರ ಗುಂಪುಗಳಿಂದ ಬಂದ ಸ್ಥಾನಗಳನ್ನು ಒಟ್ಟುಗೂಡಿಸಿದರೆ, ಪ್ರಬಲರ ನಡುವೆ ಸಿಕ್ಕಿಕೊಂಡ ರಚನೆಗೆ ಅನ್ಯಾಯವಾಗುತ್ತದೆ. ಬೋರ್ಡಾ ಎಣಿಕೆ ಎಲ್ಲರೂ ಎಲ್ಲರನ್ನೂ ಕೇಳಿದ್ದಾರೆಂದು ಭಾವಿಸುತ್ತದೆ. ಎರಡು ಹಂತದ ಮತದಾನ ಮಾಡೋಣ ಎನ್ನುವವರಿದ್ದಾರೆ, ಒಟ್ಟಾರೆ ಸ್ಥಾನವನ್ನೇ ಕೈಬಿಟ್ಟು ಪ್ರತಿ ಗುಂಪಿನಿಂದ ಒಂದು ರಚನೆಯನ್ನು ಹೆಸರಿಸಿದರೆ ಸಾಕು ಎನ್ನುವವರೂ ಇದ್ದಾರೆ. ಎರಡನೆಯ ಸಲಹೆ ಕೊಟ್ಟವರು ‘ಗ’. ಮುಂದಿನ ಒಂಟಿ ಗಿಟಾರ್ ಸುತ್ತನ್ನು ಆ ರೀತಿಯಲ್ಲಿ ನಡೆಸಿ ನೋಡುವುದೆಂದು ತೀರ್ಮಾನವಾಗಿದೆ, ವಿಷಯವನ್ನು ‘ನ’ ಅವರು ಕೊಡಲಿದ್ದಾರೆ.